ಹಸಿರು, ಕಪ್ಪು ಮತ್ತು ಸವೇರಿಯೊನ ದುರ್ಬೀನು

ರೊಕ್ಕಾಸೆರಾ
ಫೆಬ್ರವರಿ ೧೧, ೨೦೦೧

ಅಗಾತಾ,

ಅಕ್ಷರ ನನ್ನದು ಎಂದು ಗುರುತು ಸಿಕ್ಕ ಕೂಡಲೇ ಕಾಗದವನ್ನು ಒಲೆಗೆ ಹಾಕಬೇಡ. ಕೊನೆಯವರೆಗೆ ಓದು, ಆಮೇಲೆ ಬೇಕಾದರೆ ಹಾಕು. ಫೋನು ಮಾಡಬಹುದಿತ್ತು. ಆದರೆ ಹೋದ ಸಲ ನೀನು ರಿಸೀವರ್ ಕುಕ್ಕಿದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕಾಗದವನ್ನು ಹಾಗೆ ಕುಕ್ಕುವುದಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ನಿನ್ನ ಅಣ್ಣನನ್ನು, ನನ್ನ ಗಂಡನನ್ನು, ಮಣ್ಣು ಮಾಡಿ ಬಂದ ದಿನ, ನೆಂಟರು ಇನ್ನೂ ಕಾಫಿ ಕುಡಿಯುತ್ತಿರುವಾಗಲೇ, ನೀನು ಅವನ ದುರ್ಬೀನು ಕೇಳಿದೆ. ನಾನು ಕೊಡಲಿಲ್ಲ. ನೀನೂ ಮಾತಾಡಿದೆ, ನಾನೂ ಮಾತಾಡಿದೆ, ಅಡುಗೆಮನೆಯ ಬಾಗಿಲಲ್ಲಿ ನಿಂತವರಿಗೆಲ್ಲ ಪುಕ್ಕಟೆ ನಾಟಕ ಸಿಕ್ಕಿತು. ಈಗ ಕೊಡುತ್ತೇನೆ, ತೆಗೆದುಕೋ. ನನಗೆ ಇನ್ನು ಅದರಿಂದ ಕೆಲಸವಿಲ್ಲ.

ನನ್ನ ಎಡಗಣ್ಣಿಗೆ ಪೊರೆ ಬಂದಿದೆ. ಆಪರೇಷನ್ನಿಗೆ ಅಕ್ಟೋಬರಿನಲ್ಲಿ ಬಾ ಎಂದಿದ್ದಾರೆ. ವಲಸೆಯ ಜೇನುಗಿಡುಗಗಳು ಏಪ್ರಿಲಿನಲ್ಲಿ ಕಡಲು ದಾಟಿ ಬರುತ್ತವೆ, ನನ್ನ ಸಲುವಾಗಿ ಅವು ಅಕ್ಟೋಬರಿನ ತನಕ ಸಿಸಿಲಿಯಲ್ಲಿ ಕೂತು ಕಾಯುವುದಿಲ್ಲ. ಡಾಕ್ಟರು, "ಬಲಗಣ್ಣು ಚೆನ್ನಾಗಿದೆಯಲ್ಲಮ್ಮ, ಇನ್ನೇನು ಬೇಕು ನಿಮಗೆ?" ಅಂದರು. ಗೋಡೆಗೆ ನೇತುಹಾಕಿದ ಅಕ್ಷರ ಓದಿಸುವವರಿಗೆ ಆಕಾಶದ ಸಂಗತಿ ಏನು ಗೊತ್ತು? ನನ್ನ ಬಲಗಣ್ಣು ಸೂಜಿಗೆ ದಾರ ಪೋಣಿಸುವುದಕ್ಕೆ ಸರಿ, ಬೀನ್ಸ್ ಕಾಳಿನಲ್ಲಿ ಕಲ್ಲು ಹೆಕ್ಕುವುದಕ್ಕೆ ಸರಿ. ದುರ್ಬೀನಿಗೆ ಮಾತ್ರ ಅದು ಮೊದಲಿನಿಂದಲೂ ಆಗಿಬರಲಿಲ್ಲ. ಇಷ್ಟು ವರ್ಷ ನಾನು ಹಕ್ಕಿ ನೋಡಿದ್ದೆಲ್ಲ ಎಡಗಣ್ಣಿನಲ್ಲಿ, ಈಗ ಆ ಕಣ್ಣೇ ಹೋಯಿತು.

ಹಾಗಾಗಿ ಈ ವಸಂತದಲ್ಲಿ ನಾನು ಹಕ್ಕಿ ನೋಡುವ ದಿಣ್ಣೆಯ ಮೇಲೆ ಹೋಗುವುದಿಲ್ಲ. ಬೇರೆಯವರಿಗೆ ಇದು ದೊಡ್ಡ ಮಾತಲ್ಲ. ನಿನಗೆ ಹೇಳುತ್ತೇನೆ, ಏಕೆಂದರೆ ನೀನು ಅವನ ತಂಗಿ. ಆ ಮುರುಕು ಗೋಡೆಯ ಪಕ್ಕ ಕುರ್ಚಿ ಹಾಕಿ ಕೂತಾಗ ಮಾತ್ರ, ಸವೇರಿಯೊ ಇಲ್ಲೇ ಎಲ್ಲೋ ಎದ್ದು ಹೋಗಿದ್ದಾನೆ, ಈಗ ಬರುತ್ತಾನೆ ಅನ್ನಿಸುತ್ತದೆ. ಮನೆಯಲ್ಲಿ ಹಾಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಅವನು ಸತ್ತಿದ್ದಾನೆ. ದಿಣ್ಣೆ ತಪ್ಪಿದರೆ ನಾನು ಅವನನ್ನು ಇನ್ನೊಂದು ಸಲ ಕಳೆದುಕೊಂಡ ಹಾಗೆ.

ವಿಳಾಸ ಅದೇ ತಾನೇ? ಹೂಂ ಅನ್ನು, ಕಳಿಸುತ್ತೇನೆ.

ಕೊನ್ಸೊಲಾತಾ


ತ್ರಿಯೆಸ್ತೆ
ಫೆಬ್ರವರಿ ೨೬, ೨೦೦೧

ಮಾನ್ಯ ಅತ್ತಿಗೆಯವರಿಗೆ,

ನಿಮ್ಮ ಪತ್ರ ತಲುಪಿತು. ಒಲೆಗೆ ಹಾಕಿಲ್ಲ. ನಿಮ್ಮ ಕಣ್ಣಿನ ವಿಚಾರ ತಿಳಿದು ಬೇಸರವಾಯಿತು.

ದುರ್ಬೀನು ಕಳಿಸಬೇಡಿ. ನಾನು ಕೇಳಿದ್ದು ನಿಜ, ಕೇಳಬಾರದ ದಿನ ಕೇಳಿದ್ದೂ ನಿಜ. ಆದರೆ ಕಣ್ಣು ಹೋಯಿತೆಂದು ಒಬ್ಬರು ಬಿಟ್ಟುಕೊಡುವ ವಸ್ತುವನ್ನು ತೆಗೆದುಕೊಳ್ಳಲು ನನಗೆ ಮನಸ್ಸಿಲ್ಲ.

ನಿವೃತ್ತಿಯಾಗುವ ತನಕ ನಾನು ದುರ್ಬೀನಿನ ಅಂಗಡಿಯಲ್ಲೇ ಇದ್ದವಳು. ಇನ್ನು ಕಾಣುವುದಿಲ್ಲ ಎಂದು ಬಂದ ಎಷ್ಟೋ ಜನರಿಗೆ ಕಾಣದಿದ್ದದ್ದು ಕಣ್ಣಿನ ದೋಷದಿಂದಲ್ಲ, ಗಾಜಿನ ದೋಷದಿಂದ. ನಿಮ್ಮಲ್ಲಿರುವುದು ಮೂವತ್ತು ವರ್ಷ ಹಿಂದಿನದು. ಈಗಿನ ಒಳ್ಳೆಯ ಗಾಜಿನಲ್ಲಿ ಬೆಳಕು ಬೇರೆಯೇ ರೀತಿ ಬರುತ್ತದೆ, ಪೊರೆ ಬಂದ ಕಣ್ಣಿಗೂ ಅದರಿಂದ ಪ್ರಯೋಜನವಾಗಬಹುದು. ಅಂಗಡಿಯ ಯಜಮಾನರನ್ನು ಕೇಳಿ ಎರಡು ದುರ್ಬೀನುಗಳನ್ನು ಎರವಲು ತಂದು ಪಾರ್ಸೆಲ್ ಮಾಡಿದ್ದೇನೆ. ಹಸಿರು ಬಣ್ಣದ್ದು ಆಸ್ಟ್ರಿಯಾದ್ದು, ಕಪ್ಪು ಜರ್ಮನಿಯದ್ದು. ಎರಡೂ ಅಂಗಡಿಯ ಮೇಲಿನ ಬೀರುವಿನಲ್ಲಿಡುವಂಥವು. ಈಸ್ಟರ್ ಕಳೆಯುವ ತನಕ ನಿಮ್ಮ ಬಳಿ ಇರಲಿ.

ಪರೀಕ್ಷಿಸುವ ಕ್ರಮ ಹೇಳುತ್ತೇನೆ. ಗಿರಾಕಿಗಳು, ಅದರಲ್ಲೂ ಗಂಡಸರು, ಮೊದಲು ಕೇಳುವುದು ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಎಂದು. ಅದನ್ನು ಕೊನೆಗೆ ಕೇಳಬೇಕು. ಮೊದಲು ಕೊರಳಿಗೆ ಹಾಕಿಕೊಂಡು ಒಂದು ಹೊತ್ತಿನ ಅಡುಗೆ ಮಾಡಿ. ಕತ್ತು ದೂರು ಹೇಳದಿದ್ದರೆ ಮುಂದಿನ ಮಾತು. ಆಮೇಲೆ ಒಂದು ಜಪಮಾಲೆ ಮುಗಿಯುವಷ್ಟು ಹೊತ್ತು ಕಣ್ಣಿಗೆ ಹಿಡಿದಿರಿ. ತೋಳು ಮೊದಲು ಸೋತರೆ ತೂಕ ಹೆಚ್ಚಾಯಿತು ಎಂದರ್ಥ, ಕಣ್ಣು ಮೊದಲು ಸೋತರೆ ಗಾಜು ನಿಮಗೆ ಹೊಂದಲಿಲ್ಲ ಎಂದರ್ಥ. ಬಿಸಿಲಿನಲ್ಲಿ ಬಿಳಿಯ ವಸ್ತುವನ್ನು ನೋಡಿ, ಅಂಚಿಗೆ ಬಣ್ಣ ಕಟ್ಟಬಾರದು. ಹೊತ್ತು ಮುಳುಗಿದ ಮೇಲೆ ಪೊದೆಯ ಒಳಗೆ ನೋಡಿ, ಎಲೆ ಬೇರೆ ಬೇರೆಯಾಗಿ ಕಾಣಬೇಕು.

ಎರಡರ ಬಗ್ಗೆಯೂ ಬರೆಯಿರಿ. ಮುಲಾಜು ಬೇಡ.

ತಮ್ಮ ವಿಶ್ವಾಸಿ,
ಅಗಾತಾ


ರೊಕ್ಕಾಸೆರಾ
ಮಾರ್ಚ್ ೧೪, ೨೦೦೧

ಅಗಾತಾ,

"ಮಾನ್ಯ ಅತ್ತಿಗೆಯವರಿಗೆ" ಎಂಬುದನ್ನು ಓದಿ ವಕೀಲರ ನೋಟೀಸೇ ಬಂತೆಂದು ಹೆದರಿ ಕುರ್ಚಿ ಎಳೆದು ಕೂತೆ. ಮದುವೆಯಾಗಿ ಬಂದ ವರ್ಷ ನಿನ್ನ ಹೇನು ತೆಗೆದವಳು ನಾನು. ನನಗೆ ಯಾಕೆ ಈ ಬಹುವಚನ?

ಪಾರ್ಸೆಲ್ ಬಂತು. ನೀನು ಇಷ್ಟು ಮಾಡುತ್ತೀಯೆಂದು ನಾನು ಎಣಿಸಿರಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ, ನಿನ್ನ ಉಪಕಾರ ದೊಡ್ಡದು. ಈಗ ವರದಿ ಕೇಳು.

ಮೊದಲ ದಿನ ಕಪ್ಪನ್ನು ಕಟ್ಟಿಕೊಂಡು ಬದನೆಕಾಯಿ ಹುರಿದೆ. ಕೈಯಲ್ಲಿ ಹಿಡಿದರೆ ಸುಖವಾಗಿದೆ, ಈಗಷ್ಟೇ ಒಲೆಯಿಂದ ತೆಗೆದ ರೊಟ್ಟಿಯ ಹಾಗೆ ಅಂಗೈ ತುಂಬುತ್ತದೆ. ಆದರೆ ಕೊರಳಿಗೆ ಕಲ್ಲು. ಹುರಿದು ಮುಗಿಸುವ ಹೊತ್ತಿಗೆ ಕತ್ತಿನ ಹಿಂದೆ ಕೈ ಇಟ್ಟುಕೊಂಡು ನಿಂತೆ. ಮರುದಿನ ಹಸಿರು. ಅದನ್ನು ಕಟ್ಟಿಕೊಂಡು ಸಾರು ಮಾಡಿ, ಊಟ ಮುಗಿಸಿ, ಎಲ್ಲಿಟ್ಟೆ ಎಂದು ಮನೆಯೆಲ್ಲ ಹುಡುಕಿದೆ. ಕೊರಳಲ್ಲೇ ಇತ್ತು! ಇದಕ್ಕಿಂತ ದೊಡ್ಡ ಹೊಗಳಿಕೆ ನನಗೆ ಬರುವುದಿಲ್ಲ.

ಆಮೇಲೆ ಎರಡನ್ನೂ ಒಟ್ಟಿಗೆ ಹಾಕಿಕೊಂಡು ಚಾವಡಿಗೆ ಬಂದೆ. ಪಕ್ಕದ ಮನೆಯ ದೆಮೆತ್ರಿಯೊ ಬೇಲಿಯ ಮೇಲಿಂದ ಇಣುಕಿದ. ನಿನಗೆ ಅವನ ನೆನಪಿರಬೇಕು, ಒಂದು ಕಾಲದಲ್ಲಿ ಈ ಊರಿಗೇ ಅವನ ಕೋವಿ ದೊಡ್ಡದು. ಈಗ ಮಂಡಿ ನೋವು, ಕೋವಿ ಗೋಡೆಯ ಮೇಲಿದೆ.

"ಏನೇ ಇದು ಕೊನ್ಸೊಲಾತಾ, ಹಸೂಗೆ ಗಂಟೆ ಕಟ್ದಂಗೆ ಎರಡೆರಡು ಕಟ್ಕೊಂಡಿದೀಯ? ಕಳ್ದೋಗ್ತೀಯ ಅಂತ ಭಯಾನಾ?"

"ನಿನ್ ಹೆಂಡ್ತಿ ನಿನಗೊಂದು ಕಟ್ಟಿದ್ರೆ ಸಾಯಂಕಾಲ ಹೋಟ್ಲಲ್ಲಿ ಹುಡುಕೋದು ತಪ್ತಿತ್ತು" ಅಂದೆ. ಅವನು ನಕ್ಕು ಬೇಲಿ ಅಲ್ಲಾಡಿಸಿದ.

ಬಿಳಿಯ ವಸ್ತುವಿಗೆ, ಸಿಸಿಲಿಯ ಮೆಸ್ಸೀನಾಕ್ಕೆ ಜನ ದಾಟಿಸುವ ದೋಣಿಯನ್ನೇ ನೋಡಿದೆ. ಎಡಗಣ್ಣಿನ ಹಬೆಯ ನಡುವೆಯೂ ಒಂದು ಸಂಗತಿ ಗೊತ್ತಾಯಿತು. ನಮ್ಮ ಹಳೆಯದರಲ್ಲಿ ಆ ದೋಣಿಗೆ ನೇರಳೆ ಅಂಚು ಇರುತ್ತಿತ್ತು. ಇಷ್ಟು ವರ್ಷ ನಾನು ಅದು ಕಂಪನಿಯವರು ಬಳಿದ ಬಣ್ಣ ಅಂದುಕೊಂಡಿದ್ದೆ. ನಿನ್ನ ಎರಡರಲ್ಲೂ ದೋಣಿ ಹಾಲಿನಷ್ಟು ಬಿಳಿ. ಹೊತ್ತು ಮುಳುಗಿದ ಮೇಲೆ ಕಪ್ಪು ಗೆದ್ದಿತು, ಬೆರ್ಗಮೋತ್ ನಿಂಬೆಗಿಡದ ಒಳಗೆ ಬೆಕ್ಕಿನ ಬಾಲ ಕಂಡಿತು. ಹಸಿರಿನಲ್ಲಿ ಬೆಕ್ಕು ಮಾತ್ರ ಕಂಡಿತು, ಬಾಲ ಕಾಣಲಿಲ್ಲ.

ಇಷ್ಟೆಲ್ಲ ಆದರೂ ಅಗಾತಾ, ಕಥೆ ಅದೇ. ಎಡಗಣ್ಣಲ್ಲಿ ಹಬೆ, ಬಲಗಣ್ಣಲ್ಲಿ ಮಂಜು. ಎರಡನ್ನೂ ನಮ್ಮದರ ಹಾಗೆಯೇ ಅಚ್ಚುಕಟ್ಟಾಗಿ ಸರಿಮಾಡಿಕೊಂಡೇ ನೋಡಿದೆ. ಆದರೂ ಬಲಗಡೆ ದೋಣಿ ಕರಗಿದ ಬೆಣ್ಣೆಯಾಗಿ ಕಾಣುತ್ತದೆ. ಇಂಥ ಗಾಜಿನಲ್ಲೂ ಕಾಣದ ಮೇಲೆ ಕಣ್ಣಿನದೇ ತಪ್ಪು, ಇನ್ನು ಯಾರನ್ನು ದೂರಲಿ? ಒಂದು ಸಲ ಆಸೆ ಹುಟ್ಟಿಸಿದೆಯಲ್ಲ, ಅದಕ್ಕೂ ನಿನಗೆ ನಾನು ಋಣಿ. ಎರಡನ್ನೂ ವಾಪಸು ಕಟ್ಟುತ್ತಿದ್ದೇನೆ. ಜೊತೆಗೆ ಬೆರ್ಗಮೋತ್ ಹಣ್ಣಿನ ಮುರಬ್ಬ ಇಡುತ್ತೇನೆ, ನಿಮ್ಮ ಊರಿನ ಗಾಳಿಗೆ ಗಂಟಲು ಕೆಟ್ಟಾಗ ಬೇಕಾಗುತ್ತದೆ.

ಕೊನ್ಸೊಲಾತಾ


ತ್ರಿಯೆಸ್ತೆ
ಮಾರ್ಚ್ ೨೨, ೨೦೦೧

ಅತ್ತಿಗೆ,

ಏನನ್ನೂ ಕಟ್ಟಬೇಡ. ಕಟ್ಟಿದ್ದರೆ ಬಿಚ್ಚು.

"ನಮ್ಮದರ ಹಾಗೆಯೇ ಸರಿಮಾಡಿಕೊಂಡೆ" ಎಂದರೆ ಏನು? ಏನನ್ನು ತಿರುಗಿಸಿದೆ? ಎಷ್ಟು ತಿರುಗಿಸಿದೆ? ಯಾವ ಕಡೆಗೆ? ಒಂದನ್ನೂ ಬಿಡದೆ ಬರೆ. ದೆಮೆತ್ರಿಯೊನ ಸುದ್ದಿ ಆಮೇಲೆ ಬರೆಯುವಿಯಂತೆ.

ಅಗಾತಾ


ರೊಕ್ಕಾಸೆರಾ
ಮಾರ್ಚ್ ೩೦, ೨೦೦೧

ಅಗಾತಾ,

ಬಹುವಚನ ಬಿಟ್ಟೆಯಲ್ಲ, ಸಮಾಧಾನವಾಯಿತು. ಬೈದಂತೆ ಬರೆದರೂ ನಿನ್ನ ದನಿ ಕೇಳಿದ ಹಾಗಾಯಿತು.

ನೀನು ಕೇಳಿದ್ದಕ್ಕೆ ಉತ್ತರ. ನಮ್ಮ ದುರ್ಬೀನಿನಲ್ಲಿ ಬಲಗಣ್ಣು ಇಡುವ ಕಡೆ ಒಂದು ಸಣ್ಣ ಉಂಗುರ ಇದೆಯಲ್ಲ, ತಿರುಗುವಂಥದ್ದು. ಅದು ಸೊನ್ನೆಯಿಂದ ಎಡಕ್ಕೆ ಮೂರು ಗೀಟು ಸರಿದು ನಿಂತಿದೆ, ಮೇಲೆ ಬಟ್ಟೆಯ ಪ್ಲಾಸ್ಟರು ಅಂಟಿಸಿದೆ. ಪ್ಲಾಸ್ಟರು ಈಗ ಕಪ್ಪಾಗಿ ಚರ್ಮವೇ ಆಗಿಬಿಟ್ಟಿದೆ. ನೀನು ಅಂಗಡಿಗೆ ಸೇರಿದ ಹೊಸದರಲ್ಲಿ ಕಳಿಸಿದಾಗಲೇ ಅದು ಹಾಗೆ ಬಂದಿತ್ತು. ಪೆಟ್ಟಿಗೆ ಬಿಚ್ಚಿದ ದಿನ ಸವೇರಿಯೊ ನನಗೆ ಹೇಳಿದ್ದು ಇಷ್ಟೇ: "ಇದನ್ನ ಮಾತ್ರ ಮುಟ್ಬೇಡ ಕಣೇ. ಅಗಾತಾ ಕೂರಿಸಿ ಕಳ್ಸಿರೋದು. ಅವಳಿಗೆ ಗೊತ್ತು."

ನಾನು ಮುಟ್ಟಲಿಲ್ಲ. ಒರೆಸುವಾಗಲೂ ಆ ಜಾಗ ಬಿಟ್ಟು ಒರೆಸಿದೆ. ಈಗ ನಿನ್ನ ಹಸಿರು, ಕಪ್ಪು ಬಂದಾಗ ಉಂಗುರ ಎರಡರಲ್ಲೂ ಸೊನ್ನೆಯಲ್ಲಿತ್ತು. ಅಂಗಡಿಯವರು ಮರೆತಿದ್ದಾರೆ ಎಂದು ನಾನೇ ಸರಿಮಾಡಿದೆ. ಹಸಿರಿನ ಉಂಗುರಕ್ಕೆ ಬೀಗ ಇದೆ, ಎಳೆದು ತಿರುಗಿಸಿ ಒತ್ತಬೇಕು, ಅದನ್ನೂ ಯಾರ ಸಹಾಯವೂ ಇಲ್ಲದೆ ಕಂಡುಹಿಡಿದೆ. ಎಡಕ್ಕೆ ಮೂರು ಗೀಟು, ನಮ್ಮದರಂತೆಯೇ. ದುರ್ಬೀನು ಎಂದರೆ ಹಾಗೆ ಇರಬೇಕು ತಾನೇ?

ನೋಡುವ ಕ್ರಮವನ್ನೂ ಹೇಳಿಬಿಡುತ್ತೇನೆ. ಸವೇರಿಯೊ ಮೊದಲು ನೋಡುತ್ತಿದ್ದ. ಜೇನುಗಿಡುಗ ಸಿಕ್ಕಿದ ಕೂಡಲೇ ಅವನ ಬಾಯಿ ಮಕ್ಕಳ ಬಾಯಿಯ ಹಾಗೆ ತೆರೆದುಕೊಳ್ಳುತ್ತಿತ್ತು. ಪಟ್ಟಿಯನ್ನು ತನ್ನ ಕೊರಳಿಂದ ತೆಗೆಯದೆ, ಕೆನ್ನೆಗೆ ಕೆನ್ನೆ ಒತ್ತುವ ಹಾಗೆ ನನ್ನನ್ನು ಎಳೆದುಕೊಂಡು ನನ್ನ ಕಣ್ಣಿಗೆ ಹಿಡಿಯುತ್ತಿದ್ದ. "ಕಾಣ್ತಾ?" ಅನ್ನುತ್ತಿದ್ದ. ನಾನು, "ಕಾಣ್ತು." ಮೊದಲ ದಿನ ಕಂಡದ್ದು ಎರಡು ಮಸುಕು ವೃತ್ತಗಳು, ನಡುವೆ ಒಂದು ಕಪ್ಪು ಹುಳ. ಆಮೇಲೆ ಬಲಗಣ್ಣು ಮುಚ್ಚಿದರೆ ಹಕ್ಕಿಯ ಆಕಾರವಾದರೂ ಒಂದಿಷ್ಟು ಕಾಣುತ್ತದೆಂದು ಕಲಿತೆ. ನನ್ನ ಬಲಗಣ್ಣು ದೂರಕ್ಕೆ ಆಗದು ಎಂದು ಅವತ್ತೇ ತಿಳಿಯಿತು. ಅವನಿಗೆ ಹೇಳಲಿಲ್ಲ. ಆ ಬಾಯಿ ತೆರೆದ ಮುಖ ನೋಡಿದ ಮೇಲೆ ಹೇಗೆ ಹೇಳುತ್ತೀಯ? ಅವನ ಮುಖ ನೋಡುವುದಕ್ಕೆ ನನಗೆ ದುರ್ಬೀನು ಬೇಕಿರಲಿಲ್ಲ.

ಇಷ್ಟೇ. ಒಂದನ್ನೂ ಬಿಟ್ಟಿಲ್ಲ.

ಕೊನ್ಸೊಲಾತಾ


ತ್ರಿಯೆಸ್ತೆ
ಏಪ್ರಿಲ್ ೫, ೨೦೦೧

ಪ್ರೀತಿಯ ಅತ್ತಿಗೆ,

ನಿನ್ನ ಕಾಗದ ಓದಿ ಮೊದಲು ನಕ್ಕೆ. ಕೆಳಗಿನ ಮನೆಯಾಕೆ ಏನಾಯಿತೆಂದು ಬಾಗಿಲು ತಟ್ಟುವಷ್ಟು ನಕ್ಕೆ. ಆಮೇಲೆ ಅಡುಗೆಮನೆಯಲ್ಲಿ ಕೂತು ಅತ್ತೆ.

ನಿಧಾನವಾಗಿ ಓದು. ದುರ್ಬೀನಿನಲ್ಲಿ ಆ ಉಂಗುರ ಇರುವುದು ಒಂದೇ ಕಾರಣಕ್ಕೆ. ಮನುಷ್ಯರ ಎರಡು ಕಣ್ಣು ಒಂದೇ ಸಮ ಇರುವುದಿಲ್ಲ. ಬಲಗಣ್ಣು ಎಡಗಣ್ಣಿಗಿಂತ ಎಷ್ಟು ಮಂದವೋ ಎಷ್ಟು ಚುರುಕೋ ಅಷ್ಟು ತಿರುಗಿಸಿಕೊಳ್ಳಬೇಕು. ಯಾರ ಕಣ್ಣಿಗೆ ಅವರದೇ ಜಾಗ. ನಮ್ಮ ಅಪ್ಪನ ಕಡೆಯವರಿಗೆಲ್ಲ ಬಲಗಣ್ಣು ಮಂದ. ಅಪ್ಪನಿಗೆ, ಅಣ್ಣನಿಗೆ, ನನಗೆ. ಚಿಕ್ಕಂದಿನಲ್ಲಿ ಅಣ್ಣನೂ ನಾನೂ ಒಂದೊಂದು ಕಣ್ಣು ಮುಚ್ಚಿಕೊಂಡು ಗಡಿಯಾರದ ಗೋಪುರ ನೋಡಿ, ಯಾರಿಗೆ ಎಷ್ಟು ಮಸುಕು ಎಂದು ಪಂದ್ಯ ಕಟ್ಟುತ್ತಿದ್ದೆವು. ಯಾವಾಗಲೂ ಸಮ ಸಮ.

ಆ ದುರ್ಬೀನನ್ನು ನಾನು ಯಾಕೆ ಕಳಿಸಿದೆನೆಂದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಇಷ್ಟು ವರ್ಷ ಒಮ್ಮೆಯೂ ಬಾಯಿಬಿಟ್ಟು ಹೇಳಿಲ್ಲ. ನಾನು ಉತ್ತರಕ್ಕೆ ಹೋಗಬೇಕೆಂದಾಗ ಅಪ್ಪ ಬೇಡವೆಂದರು. ಅಣ್ಣ ನನ್ನ ಪೆಟ್ಟಿಗೆ ಹೊತ್ತುಕೊಂಡು ರೈಲು ಹತ್ತಿಸಿದ, ಹತ್ತಿಸಿದವನು ತಾನೂ ಹತ್ತಿಕೊಂಡ, ನನಗೆ ಕೋಣೆ ಸಿಗುವ ತನಕ ಇಲ್ಲೇ ಉಳಿದ. ಅದು ಮೇ ತಿಂಗಳು. ಊರಿನ ಗಂಡಸರೆಲ್ಲ ದಿಣ್ಣೆಯ ಮೇಲೆ ಕೋವಿ ಹಿಡಿದು ಕೂತ ಹೊತ್ತು. ವರ್ಷಕ್ಕೊಂದಾದರೂ ಜೇನುಗಿಡುಗ ಹೊಡೆಯದ ಗಂಡಸಿನ ಹೆಂಡತಿ ದಾರಿ ತಪ್ಪುತ್ತಾಳೆ, ಅವನ ತಲೆಗೆ ಕೊಂಬು ಮೂಡುತ್ತದೆ ಎಂದು ನಮ್ಮೂರು ನಂಬಿದ್ದ ಕಾಲ. ಅಣ್ಣ ಊರಿಗೆ ಮರಳುವಾಗ ಹಕ್ಕಿಗಳೆಲ್ಲ ದಾಟಿ ಹೋಗಿದ್ದವು. ನೀನು ಮದುವೆಯಾಗಿ ವರ್ಷ ತುಂಬಿರಲಿಲ್ಲ. ನಿಮ್ಮ ಬಾಗಿಲಿಗೆ ಯಾರೋ ಟಗರಿನ ಕೊಂಬು ನೇತುಹಾಕಿದರು. ನೀನು ಅದನ್ನು ತೆಗೆದು ಒಳಗೆ ತಂದು ಅದಕ್ಕೆ ಸೌಟು ನೇತುಹಾಕಿದೆಯಂತೆ. ಅಣ್ಣ ನಗುತ್ತ ಬರೆದಿದ್ದ. ನನಗೋಸ್ಕರ ನಿಮ್ಮಿಬ್ಬರ ಮರ್ಯಾದೆ ಬೀದಿಗೆ ಬಂತು, ನೀನು ಒಂದು ದಿನವೂ ಅದನ್ನು ಎತ್ತಿ ಆಡಲಿಲ್ಲ. ಆಮೇಲೆ ಅವನು ಕೋವಿ ಮುಟ್ಟಲಿಲ್ಲ. ಅಂಗಡಿಯಲ್ಲಿ ಕೆಲಸ ಸಿಕ್ಕಿದಾಗ ನಾನು ಕಳಿಸಿದ ಮೊದಲ ವಸ್ತು ಅದು, ಕೋವಿಯ ಬದಲಿಗೆ.

ಅಣ್ಣನನ್ನು ಅಂಗಡಿಗೆ ಕರೆಸಿ ಉಂಗುರ ಕೂರಿಸುವುದಕ್ಕೆ ಆಗುತ್ತಿರಲಿಲ್ಲ. ಅದಕ್ಕೆ ನನ್ನ ಕಣ್ಣಿಗೇ ಕೂರಿಸಿದೆ. ನನ್ನದೂ ಅವನದೂ ಒಂದೇ ಅಲ್ಲವೇ? ಜಾರದಿರಲಿ ಎಂದು ಪ್ಲಾಸ್ಟರು ಅಂಟಿಸಿ, ಮುಟ್ಟಬೇಡ ಎಂದು ಚೀಟಿ ಇಟ್ಟೆ. ಆ ದುರ್ಬೀನಿಗೆ ಇನ್ನೊಬ್ಬರು ಕಣ್ಣು ಇಡುತ್ತಾರೆ, ಆ ಇನ್ನೊಬ್ಬರು ನೀನು, ಎಂದು ನನಗೆ ಹೊಳೆಯಲೇ ಇಲ್ಲ.

ಅತ್ತಿಗೆ, ನಿನ್ನ ಬಲಗಣ್ಣಿಗೆ ಏನೂ ಆಗಿಲ್ಲ. ಯಾವತ್ತೂ ಆಗಿರಲಿಲ್ಲ. ಡಾಕ್ಟರು ಹೇಳಿದ್ದು ನಿಜ. ನೀನು ಇಷ್ಟು ವರ್ಷ ನೋಡಿದ್ದು ನನ್ನ ಅಣ್ಣನ ಬಲಗಣ್ಣಿನಿಂದ.

ಈಗ ಹೀಗೆ ಮಾಡು. ಹಸಿರನ್ನು ತೆಗೆದುಕೊಂಡು ದಿಣ್ಣೆಗೆ ಹೋಗು. ಉಂಗುರವನ್ನು ಎಳೆದು ಸೊನ್ನೆಗೆ ತಂದು ಒತ್ತಿಬಿಡು. ನಡುವಿನ ಕೀಲನ್ನು, ಕಾಣುವ ಎರಡು ವೃತ್ತ ಒಂದೇ ವೃತ್ತವಾಗುವ ತನಕ ಮಡಿಸು, ನಿನ್ನ ಕಣ್ಣುಗಳು ಹತ್ತಿರ ಹತ್ತಿರ ಇವೆ. ಎಡಗಣ್ಣು ಮುಚ್ಚು. ಎಡಗಣ್ಣು ಎಂದೆ, ಬಲಗಣ್ಣಲ್ಲ! ನಡುವಿನ ಚಕ್ರ ತಿರುಗಿಸು.

ಬೇಗ ಬರೆ. ನಾನು ಟಪ್ಪಾಲಿನವನ ದಾರಿ ನೋಡುತ್ತ ಕಿಟಕಿಯಲ್ಲೇ ಇರುತ್ತೇನೆ.

ನಿನ್ನ
ಅಗಾತಾ


ರೊಕ್ಕಾಸೆರಾ
ಮೇ ೩, ೨೦೦೧

ನನ್ನ ಅಗಾತಾ,

ತಡವಾಯಿತು, ಬೈದುಕೋ. ನಿನ್ನ ಕಾಗದ ಬಂದ ದಿನವೇ ಉಂಗುರವನ್ನು ಸೊನ್ನೆಗೆ ತಂದೆ. ಆದರೆ ನೋಡಲಿಲ್ಲ. ಹಸಿರನ್ನು ಮೇಜಿನ ಮೇಲಿಟ್ಟು ಅದರ ಸುತ್ತ ಕೆಲಸ ಮಾಡಿಕೊಂಡು ತಿರುಗಿದೆ. ನೀನು ಹೇಳಿದ್ದು ಸುಳ್ಳಾಗಿ ಬಲಗಣ್ಣಲ್ಲಿ ಮತ್ತೆ ಬೆಣ್ಣೆಯೇ ಕಂಡರೆ ಎಂಬ ಭಯ. ನಿಜವಾದರೆ ಎಂಬ ಭಯ ಅದಕ್ಕಿಂತ ಜಾಸ್ತಿ. ಆಮೇಲೆ ಮಳೆ ಹಿಡಿಯಿತು, ಈಸ್ಟರ್ ಬಂತು, ನೆಂಟರು ಬಂದರು, ನೆಪಗಳಿಗೇನು ಬರ.

ನಿನ್ನೆ ಬೆಳಿಗ್ಗೆ ಗಾಳಿ ವಾಯವ್ಯಕ್ಕೆ ತಿರುಗಿತು. ಆ ಗಾಳಿಗೆ ಹಕ್ಕಿಗಳು ದಿಣ್ಣೆಗೆ ತಾಗುವ ಹಾಗೆ ಕೆಳಗೆ ಬರುತ್ತವೆಂದು ನಿನಗೂ ಗೊತ್ತು. ದೆಮೆತ್ರಿಯೊ ಬೇಲಿಯಾಚೆಯಿಂದ ಕೂಗಿದ, "ಹೊರಡೇ, ಇವತ್ತು ಮನೇಲಿ ಕೂತ್ರೆ ಸವೇರಿಯೊ ಗೋರಿಯಿಂದ ಎದ್ದು ಬಂದು ಬೈತಾನೆ." ಕುಂಟುತ್ತ ಕುಂಟುತ್ತ ನನ್ನ ಕುರ್ಚಿಯನ್ನು ಅವನೇ ಹೊತ್ತು ತಂದ. ಒಂದು ಕಾಲದಲ್ಲಿ ನಮ್ಮ ಬಾಗಿಲಿಗೆ ಕೊಂಬು ಕಟ್ಟಿದ್ದು ಇವನೇ ಎಂದು ನನಗೆ ಗುಮಾನಿ ಇದೆ. ಇರಲಿ, ಕುರ್ಚಿ ಹೊತ್ತನಲ್ಲ, ಲೆಕ್ಕ ಮುಗಿಯಿತು.

ಗೋಡೆಯ ಪಕ್ಕ ಕೂತೆ. ಎಡಗಣ್ಣು ಮುಚ್ಚಿದೆ. ಅಭ್ಯಾಸ ಬಲಗಣ್ಣನ್ನೇ ಮುಚ್ಚು ಅನ್ನುತ್ತದೆ, ಎಡಗಣ್ಣಿನ ಮೇಲೆ ಕೈ ಅಡ್ಡ ಇಟ್ಟುಕೊಂಡೆ. ಚಕ್ರ ತಿರುಗಿಸಿದೆ. ಮೊದಲು ಬೆಣ್ಣೆ. ಇನ್ನಷ್ಟು ತಿರುಗಿಸಿದೆ.

ಕಡಲಾಚೆ ಸಿಸಿಲಿಯ ದಡದ ಮನೆಗಳು ಬಂದವು ಅಗಾತಾ. ಕಿಟಕಿಗಳು ಬಂದವು. ಒಂದು ಕಿಟಕಿಯಲ್ಲಿ ಯಾರೋ ಚಾದರ ಕೊಡವುತ್ತಿದ್ದರು.

ದೆಮೆತ್ರಿಯೊ, "ಬಂತು, ಬಂತು, ಎಡಕ್ಕೆ, ಅಂತೋಣಿ ಹೊಲದ್ ಮೇಲೆ!" ಅಂದ. ಕೈ ತಾನಾಗಿಯೇ ತಿರುಗಿತು. ಒಂದು ಜೇನುಗಿಡುಗ ನೇರ ನನ್ನ ಕಡೆಗೇ ಬರುತ್ತಿತ್ತು. ಇಷ್ಟು ವರ್ಷ ನಾನು ಅದನ್ನು ಹಾರುವ ರೀತಿಯಿಂದ ಗುರುತಿಸುತ್ತಿದ್ದೆ, ರೆಕ್ಕೆ ಹಿಡಿಯುವ ಬಗೆಯಿಂದ. ಅದಕ್ಕೊಂದು ಮುಖ ಇದೆ ಎಂದು ನನಗೆ ಗೊತ್ತಿರಲಿಲ್ಲ. ಪಾರಿವಾಳದ ಹಾಗೆ ಬೂದಿ ಬಣ್ಣದ ಪುಟ್ಟ ತಲೆ. ಹಳದಿ ಕಣ್ಣು. ಹೊಟ್ಟೆಯ ಮೇಲೆ ಕಂದು ಪಟ್ಟೆಗಳು, ಒಂದೊಂದೂ ಬೇರೆ. ದಿಣ್ಣೆ ದಾಟುವಾಗ ಅದು ಕತ್ತು ಹೊರಳಿಸಿ ಕೆಳಗೆ ಕೂತ ಇಬ್ಬರು ಮುದುಕರನ್ನು ನೋಡಿತು, ನಮ್ಮಿಂದ ಪ್ರಯೋಜನವಿಲ್ಲ ಎಂದು ಮುಂದೆ ಹೋಯಿತು.

ಸವೇರಿಯೊನ ಬಾಯಿ ಯಾಕೆ ಹಾಗೆ ತೆರೆದುಕೊಳ್ಳುತ್ತಿತ್ತು ಎಂದು ನನಗೆ ನಿನ್ನೆ ತಿಳಿಯಿತು.

"ಏನೇ, ಕಾಣ್ತಾ?" ದೆಮೆತ್ರಿಯೊ ಕೇಳಿದ. ಅವನಿಗೇನು ಗೊತ್ತು ಪಾಪ, ಸುಮ್ಮನೆ ಕೇಳಿದ. ನಾನು ದುರ್ಬೀನು ಇಳಿಸಿ ಅಳುವುದಕ್ಕೆ ತೊಡಗಿದೆ. ಮುದುಕ ಹೆದರಿ ತನ್ನ ಕೊಳಕು ಕರ್ಚೀಫು ಕೊಟ್ಟ, ಅದರಲ್ಲಿ ತಂಬಾಕಿನ ಚೂರಿತ್ತು, ಅದರಿಂದ ಇನ್ನಷ್ಟು ಕಣ್ಣೀರು ಬಂತು.

ನೀನು ಬೇಸರಪಟ್ಟುಕೊಳ್ಳಬೇಡ. ಅವನಿಗೆ ಒಂದು ಮಾತು ಹೇಳಿದ್ದರೆ, ಅವನು ನಿನಗೊಂದು ಸಾಲು ಬರೆದಿದ್ದರೆ, ನನಗೆ ಅವತ್ತೇ ಕಾಣುತ್ತಿತ್ತು ಎಂಬ ಲೆಕ್ಕ ರಾತ್ರಿ ಹಾಕಿದೆ. ಹಾಕಿ ಬಿಟ್ಟೆ. ಅವನ ಕೆನ್ನೆ ನನ್ನ ಕೆನ್ನೆಗೆ ಒತ್ತಿದ್ದಾಗ ನನಗೆ ಹಕ್ಕಿ ಕಂಡಿರದಿದ್ದರೂ ಏನೂ ಕಡಿಮೆಯಾಗಿರಲಿಲ್ಲ. ಈಗ ಅವನಿಲ್ಲ, ಹಕ್ಕಿ ಕಂಡಿತು. ಎರಡೂ ನಿಮ್ಮ ಮನೆಯವರೇ ಕೊಟ್ಟದ್ದು. ನಾನು ನಿನಗೆ ಹೇಗೆ ಕೃತಜ್ಞತೆ ಹೇಳಲಿ? ಹೇಳುವುದಕ್ಕೆ ಬರುವುದಿಲ್ಲ, ಆದ್ದರಿಂದ ವರದಿ ಮುಗಿಸುತ್ತೇನೆ.

ತೀರ್ಪು: ಮುಸ್ಸಂಜೆಗೆ ಕಪ್ಪೇ ಮೇಲು, ಅನುಮಾನವಿಲ್ಲ. ಆದರೆ ಅದರ ಕೀಲು ಎಷ್ಟು ಮಡಿಸಿದರೂ ನನ್ನ ಕಣ್ಣುಗಳಿಗೆ ಹತ್ತಿರವಾಗುವುದಿಲ್ಲ, ನಡುವಿನ ಆ ಕಪ್ಪು ಹುಳ ಉಳಿದೇ ಉಳಿಯುತ್ತದೆ. ಕತ್ತಿಗೂ ಭಾರ. ಹಸಿರು ನನಗೆಂದೇ ಹುಟ್ಟಿದ್ದು. ಮೂಗಿಗೆ ತಾಗದೆ, ಕಣ್ಣಿಗೆ ಒತ್ತದೆ, ಬೆಳಗಿನಿಂದ ಮಧ್ಯಾಹ್ನದ ತನಕ ಹಿಡಿದರೂ ತಲೆನೋವು ಬರಲಿಲ್ಲ. ತಲೆನೋವಿಲ್ಲದೆ ನಾನು ದಿಣ್ಣೆ ಇಳಿದದ್ದು ಇದೇ ಮೊದಲು. ಈ ಮೇ ಮುಗಿಯುವ ತನಕ ಹಸಿರು ನನ್ನ ಬಳಿ ಇರಲೆಂದು ಯಜಮಾನರನ್ನು ಕೇಳುತ್ತೀಯಾ? ಕಪ್ಪನ್ನು ಈಗಲೇ ಕಳಿಸಿದ್ದೇನೆ.

ಅದೇ ಪೆಟ್ಟಿಗೆಯಲ್ಲಿ ಇನ್ನೊಂದೂ ಇದೆ, ಸವೇರಿಯೊನ ಉಣ್ಣೆಯ ಟೋಪಿಯಲ್ಲಿ ಸುತ್ತಿದ್ದು. ಈ ಸಲ ಬೇಡ ಅನ್ನಬೇಡ. ಕಣ್ಣು ಹೋಯಿತೆಂದು ಕಳಿಸುತ್ತಿಲ್ಲ, ಕಣ್ಣು ಬಂತೆಂದು ಕಳಿಸುತ್ತಿದ್ದೇನೆ. ಪ್ಲಾಸ್ಟರು ಮುಟ್ಟಿಲ್ಲ.

ನಿನ್ನ
ಕೊನ್ಸೊಲಾತಾ


ತ್ರಿಯೆಸ್ತೆ
ಮೇ ೧೯, ೨೦೦೧

ನನ್ನ ಅತ್ತಿಗೆ,

ಮೊದಲು ಹಸಿರಿನ ವಿಷಯ. ಅದು ವಾಪಸು ಬರುವುದಿಲ್ಲ. ನಾನು ಕೆಲಸ ಬಿಡುವಾಗ ಯಜಮಾನರು, "ಬೀರುವಿನಲ್ಲಿ ಯಾವುದು ಬೇಕೋ ಒಂದನ್ನು ಆರಿಸಿಕೊಳ್ಳಿ ಸಿನ್ಯೋರಾ, ನಮ್ಮ ನೆನಪಿಗೆ" ಎಂದಿದ್ದರು. ಇಷ್ಟು ದಿನ ಆರಿಸಿಕೊಂಡಿರಲಿಲ್ಲ. ಬಂದ ಗಿರಾಕಿಗಳಿಗೆಲ್ಲ ನಿಮಗೆ ಇದು, ನಿಮಗೆ ಅದು ಎನ್ನುತ್ತಿದ್ದವಳಿಗೆ ತನಗೆ ಯಾವುದು ಎಂದು ಗೊತ್ತಾಗಿರಲಿಲ್ಲ. ನಿನ್ನ ಕಾಗದ ಓದಿ ಅಂಗಡಿಗೆ ಹೋದೆ. "ಹಸಿರು ಆರಿಸಿಕೊಂಡೆ" ಎಂದೆ. "ಎಲ್ಲಿದೆ ಅದು?" ಎಂದರು. "ಇರಬೇಕಾದ ಕಡೆ ಇದೆ" ಎಂದೆ.

ಇನ್ನು ಟೋಪಿಯಲ್ಲಿ ಸುತ್ತಿದ್ದರ ವಿಷಯ. ಎರಡು ದಿನ ಪೆಟ್ಟಿಗೆಯನ್ನು ಬಿಚ್ಚಲಿಲ್ಲ. ನೀನು ಮಾತ್ರ ನೆಪ ಹುಡುಕುವವಳು ಅಂದುಕೊಳ್ಳಬೇಡ.

ಅಣ್ಣನನ್ನು ಮಣ್ಣು ಮಾಡಿದ ದಿನ ನಾನು ಅದನ್ನು ಯಾಕೆ ಕೇಳಿದೆನೆಂದು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಉಂಗುರ ಕೂರಿಸಿದ ದಿನ ನನಗೆ ಊರು ಬಿಟ್ಟ ದುಃಖ ಇನ್ನೂ ಹಸಿಯಾಗಿತ್ತು. ನನಗೆ ಮನೆಗೆ ಹೋಗಲಾಗದಿದ್ದರೂ ನನ್ನ ಕಣ್ಣಾದರೂ ಆ ದಿಣ್ಣೆಯ ಮೇಲೆ ಇರುತ್ತದೆ ಅಂದುಕೊಂಡೆ. ಪ್ರತಿ ಮೇ ತಿಂಗಳು ಅಣ್ಣ ಫೋನು ಮಾಡಿ, "ಇವತ್ತು ಎಷ್ಟ್ ಬಂದ್ವು ಗೊತ್ತಾ ನಿನಗೆ?" ಅನ್ನುವಾಗ, ನಾನೂ ನೋಡಿದ ಹಾಗೆ ಅನ್ನಿಸುತ್ತಿತ್ತು. ಅವನು ಹೋದ ದಿನ ನನಗೆ ಬೇಕಾಗಿದ್ದದ್ದು ದುರ್ಬೀನಲ್ಲ. ಅವನೂ ನಾನೂ ಸಮ ಸಮ ಎಂಬುದಕ್ಕೆ ಈ ಲೋಕದಲ್ಲಿ ಉಳಿದಿದ್ದ ಒಂದೇ ಒಂದು ಗುರುತು ಅದು.

ನಿನ್ನೆ ಸಂಜೆ ಅದನ್ನು ಕೊರಳಿಗೆ ಹಾಕಿಕೊಂಡು ಸಮುದ್ರದೊಳಕ್ಕೆ ಚಾಚಿದ ಕಲ್ಲಿನ ಕಟ್ಟೆಗೆ ಹೋದೆ. ಗಾಳಿ ಇರಲಿಲ್ಲ. ಜೋಡಿಗಳು, ನಾಯಿಗಳು, ಐಸ್‌ಕ್ರೀಮ್ ತಿನ್ನುವವರು. ಕಟ್ಟೆಯ ತುದಿಯಲ್ಲಿ ನಿಂತೆ. ಕೊರಳಪಟ್ಟಿಯಲ್ಲಿ ಇನ್ನೂ ಅವನ ಸೋಪಿನ ವಾಸನೆ ಇದೆ. ಅಥವಾ ನಿನ್ನದೋ.

ಅಂಗಡಿಯವಳ ಕಣ್ಣಿನಲ್ಲಿ ಹೇಳುವುದಾದರೆ ಅದು ಕೆಟ್ಟ ದುರ್ಬೀನು, ಅತ್ತಿಗೆ. ಭಾರ. ಕಣ್ಣುಬಟ್ಟಲಿನ ರಬ್ಬರು ಸೀಳಿದೆ. ಅಂಚಿನಲ್ಲಿ ಎಲ್ಲವೂ ಬಾಗುತ್ತದೆ, ಹಡಗುಗಳಿಗೆಲ್ಲ ನೇರಳೆ ಅಂಚು. ಯಾವ ಗಿರಾಕಿಗೂ ನಾನು ಅದನ್ನು ತೋರಿಸುವುದಿಲ್ಲ.

ಕಣ್ಣಿಗೆ ಹಿಡಿದೆ. ಏನನ್ನೂ ತಿರುಗಿಸಲಿಲ್ಲ. ಚಕ್ರವನ್ನೂ ಮುಟ್ಟಲಿಲ್ಲ, ಅದು ಅವನೋ ನೀನೋ ದೂರದ ಹಕ್ಕಿಗೆಂದು ಬಿಟ್ಟ ಜಾಗದಲ್ಲೇ ಇತ್ತು. ಎರಡು ಕಣ್ಣೂ ತೆರೆದೇ ಇದ್ದವು. ಆಚೆಯ ದೀಪಸ್ತಂಭ, ಅದರ ಕಂಬಿ, ಕಂಬಿಯ ಮೇಲೆ ಒರಗಿ ಬೀಡಾಡಿಯ ಹಾಗೆ ನಿಂತಿದ್ದ ಒಂದು ಕಡಲಹಕ್ಕಿ, ಅದರ ಕಾಲಿನ ಬಣ್ಣ, ಎಲ್ಲ ಒಂದೇ ಸಲ, ಒಂದೇ ವೃತ್ತದೊಳಗೆ, ಸ್ಪಷ್ಟವಾಗಿ ನಿಂತವು.

ಅಣ್ಣ ಪಕ್ಕದಲ್ಲೇ ನಿಂತು ಕೇಳಿದ ಹಾಗಾಯಿತು.

"ಕಾಣ್ತು ಅಣ್ಣಾ" ಎಂದೆ, ಗಟ್ಟಿಯಾಗಿ. ಐಸ್‌ಕ್ರೀಮ್ ತಿನ್ನುತ್ತಿದ್ದವರು ತಿರುಗಿ ನೋಡಿದರು. ನೋಡಲಿ ಬಿಡು. ಅವನ ಆ ಪ್ರಶ್ನೆಗೆ ಅಷ್ಟು ವರ್ಷ ನೀನು ನನ್ನ ಪರವಾಗಿ ಉತ್ತರ ಕೊಟ್ಟೆ, ಇನ್ನು ನಾನೇ ಕೊಡುತ್ತೇನೆ.

ಮುಂದಿನ ಏಪ್ರಿಲಿನಲ್ಲಿ ಬರುತ್ತೇನೆ. ಗೋಡೆಯ ಪಕ್ಕ ಇನ್ನೊಂದು ಕುರ್ಚಿಗೆ ಜಾಗ ಇದೆಯೇ ನೋಡು, ಹೊರುವುದಕ್ಕೆ ದೆಮೆತ್ರಿಯೊನಿಗೆ ಈಗಲೇ ಹೇಳಿಡು.

ನಿನ್ನ
ಅಗಾತಾ